ಹಿಂಡುವ ಕೈ

"ಕೈ ಆನೆ ಸೊಂಡಿಲಷ್ಟಿದೆ, ಕೆಲಸ ಮಾತ್ರ ಇಲೀದು. ಆ ಪಟ್ಟಿ ಬಿಚ್ಚೇ ಮುಂಡೆ, ಬಟ್ಟೆ ಹಿಂಡು," ಎಂದು ಮೇಸ್ತ್ರಿ ಒದ್ದೆ ಚಾದರವನ್ನು ಅವಳ ಕಾಲ ಮೇಲೆ ಎಸೆದ.

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಅವಳು ಬಟ್ಟೆ ಒಗೆಯುವವಳು. ಹಿಂಡುವ ಯಂತ್ರ ಕೆಟ್ಟಾಗಿನಿಂದ ಹೆಂಗಸರ ಕೈಗಳೇ ಯಂತ್ರ. ಕ್ಯಾನ್ಸರಿಗೆ ಎಡಮೊಲೆ ಕೊಟ್ಟ ಮೇಲೂ ಆ ಬದಿಯ ಕೈ ದುಡಿಯುತ್ತಲೇ ಇತ್ತು. ಈಚೆಗೆ ಊರಿಗೆಲ್ಲ ಹಬ್ಬಿದ ವೈರಲ್ ಜ್ವರ ಅವಳನ್ನೂ ಹಿಡಿಯಿತು. ಜ್ವರ ಬಿಟ್ಟಿತು, ಆದರೆ ಎಡಗೈ ಊದಿಕೊಂಡು ರವಿಕೆಯ ತೋಳನ್ನೇ ಕತ್ತರಿಸಬೇಕಾಯಿತು.

ಮೇಲಿನ ಮಹಡಿಯ ಫಿಸಿಯೋಥೆರಪಿಯಾಕೆ ನಿನ್ನೆಯಷ್ಟೇ ಹೂ ಸವರಿದಂತೆ ಭುಜದ ಕಡೆಗೆ ನೀವಿ, ಪದರ ಪದರವಾಗಿ ಪಟ್ಟಿ ಸುತ್ತಿದ್ದಳು. ಕ್ಯಾನ್ಸರ್ ಆಪರೇಷನ್ನಿನಲ್ಲಿ ಕಂಕುಳ ಗಂಟು ತೆಗೆದದ್ದರಿಂದ ಕೈಯಲ್ಲಿ ತುಂಬುವ ನೀರು ಇಳಿಯಲು ದಾರಿಯಿಲ್ಲ, ಜ್ವರ ಅದನ್ನು ಕೆರಳಿಸಿದೆ, ಭಾರ ಎತ್ತಬೇಡ, ಬಿಸಿನೀರು ಮುಟ್ಟಬೇಡ ಎಂದಿದ್ದಳು. ಇವಳ ಅನ್ನವೇ ಬಿಸಿನೀರಿನಲ್ಲಿತ್ತು.

ಅವಳು ಅದನ್ನು ಹೇಳಿದಾಗ, ಡಾಕ್ಟರ ಬಾಯಲ್ಲೇ ಹೇಳಿಸು, ಆಮೇಲೆ ನೋಡೋಣ ಎಂದ ಮೇಸ್ತ್ರಿ. ಅವಳು ಮೇಲೆ ಹೋದಳು.

ದೊಡ್ಡ ಡಾಕ್ಟರು ವಿದ್ಯಾರ್ಥಿಗಳ ಗುಂಪಿನೊಂದಿಗೆ ಫಿಸಿಯೋಥೆರಪಿ ಕೋಣೆಯಲ್ಲೇ ಇದ್ದರು. ಒಳ್ಳೆಯ ಕೇಸು ಸಿಕ್ಕಿತೆಂದು ಪಟ್ಟಿ ಬಿಚ್ಚಿಸಿದರು, ರವಿಕೆಯನ್ನೂ ಬಿಚ್ಚಿಸಿದರು. ಬರಿಯ ಎದೆಯ ಹೊಲಿಗೆಯನ್ನು ಎಲ್ಲರೂ ಬಗ್ಗಿ ನೋಡಿದರು. ಒಬ್ಬ ತೋಳಿಗೆ ಬೆರಳೊತ್ತಿದ. ಗುಳಿ ಹಾಗೇ ನಿಂತಿತು. ಅವಳು ಗೋಡೆ ನೋಡುತ್ತ ಹಲ್ಲುಕಚ್ಚಿದ್ದಳು.

"ಹಗುರದ ಕೆಲಸ ಕೊಡಿ ಅಂತ ಕೆಳಗೆ ಒಂದು ಮಾತು ಹೇಳಿ ಸ್ವಾಮಿ," ಎಂದಳು.

"ಅದು ಅವರ ವಿಷಯ ಕಣಮ್ಮ."

ಫಿಸಿಯೋಥೆರಪಿಯಾಕೆ ಮತ್ತೆ ಪಟ್ಟಿ ಸುತ್ತಲು ಹೋದಾಗ, ಹೊರಗೆ ದುಡ್ಡು ಕಟ್ಟಿದವರು ಕಾಯುತ್ತಿದ್ದಾರೆ ಎಂದು ಡಾಕ್ಟರು ತಡೆದರು. ಆಕೆ ತಲೆ ತಗ್ಗಿಸಿದಳು.

ಬರಿಗೈಯಲ್ಲಿ ಇಳಿದುಬಂದವಳನ್ನು ಕಂಡು ಮೇಸ್ತ್ರಿ ನಕ್ಕ. ಅವರೇ ಬಿಚ್ಚಿ ಕಳಿಸಿದ್ರಾ, ಒಳ್ಳೇದಾಯ್ತು, ದೊಡ್ಡ ಡಾಕ್ಟರ ಆಪರೇಷನ್ನಿಗೆ ಹಸಿರು ಬಟ್ಟೆ ಬೇಕು, ಬೇಗ ಮಡಚು ಎಂದ.

ಅವಳು ಒಣಗಿಸಿಟ್ಟ ಹಸಿರು ಬಟ್ಟೆಯ ರಾಶಿಯ ಹತ್ತಿರ ಹೋದಳು. ಸೋಪಿನ ಕೊಳೆನೀರು ತುಂಬಿದ ಬಕೆಟ್ಟನ್ನು ಒಳ್ಳೆಯ ಕೈಯಲ್ಲಿ ಎತ್ತಿ ರಾಶಿಯ ಮೇಲೆ ಸುರಿದಳು.

"ಹುಚ್ಚು ಹಿಡೀತೇನೇ ರಂಡೆ?"

"ಹಿಂಡ್ಕೋ," ಎಂದಳು. "ನಿನ್ನ ಎರಡೂ ಕೈ ನೆಟ್ಟಗಿವೆಯಲ್ಲ."

ಅವನು ಕಪಾಳಕ್ಕೆ ಹೊಡೆದ. ಅವಳು ಅಲುಗಲಿಲ್ಲ. ಪಕ್ಕದ ತೊಟ್ಟಿಯಲ್ಲಿ ಒಗೆಯುತ್ತಿದ್ದ ಅವಳ ಅತ್ತಿಗೆ ತನ್ನ ಕೈಯಲ್ಲಿದ್ದ ಚಾದರವನ್ನು ನೀರಿಗೇ ಬಿಟ್ಟಳು. ಆಚೆಯವಳೂ ಬಿಟ್ಟಳು. ಹಸಿರು ಬಟ್ಟೆ ಕೇಳಿ ಮೇಲಿನಿಂದ ಫೋನು ಬಡಿದುಕೊಳ್ಳತೊಡಗಿತು. ಯಾರೂ ಎತ್ತಲಿಲ್ಲ.