ಮುಯ್ಯಾಳಿಗೆ ಬಂದ ಕಾರು

ಶೇಷಮ್ಮಕ್ಕನ ಮನೆಯ ಫ್ಯೂಸು ಕಿತ್ತುಕೊಂಡು ಹೋದ ದಿನ ಅವಳ ಅಡುಗೆಮನೆಯಲ್ಲಿ ಎಂಟು ಸೇರು ಅಕ್ಕಿ, ಎರಡು ಸೇರು ಉದ್ದು ನೆನೆಯುತ್ತಿತ್ತು. ಅಕ್ಕಿಗೆ ಫ್ಯೂಸಿನ ಸುದ್ದಿ ಗೊತ್ತಿಲ್ಲ. ಅದು ತನ್ನ ಪಾಡಿಗೆ ನೆನೆಯುತ್ತಿತ್ತು. ಶೆಟ್ಟಿಕೊಪ್ಪದ ಜಯಪ್ರಕಾಶನ ಹೋಟೆಲಿಗೆ ದಿನಾ ದೋಸೆ ಹಿಟ್ಟು ಕೊಡುವವಳು ಅವಳೇ. ಅದು ಬಿಟ್ಟರೆ ಅವಳಿಗೆ ಬೇರೆ ಅನ್ನದ ದಾರಿ ಇಲ್ಲ.

ಗ್ರೈಂಡರು ನಿಂತಿತ್ತು. ಹಿತ್ತಿಲಲ್ಲಿ ಮಗುಚಿ ಬಿದ್ದಿದ್ದ ಒರಳುಕಲ್ಲನ್ನು ಎತ್ತಿಸಿ, ಪಾಚಿ ಉಜ್ಜಿ, ಅದರ ಮುಂದೆ ಕೂತಳು. ಕೂತಳು ಎನ್ನುವುದು ಸುಲಭ. ಮೂವತ್ತು ವರ್ಷ ತೋಟಕ್ಕೆ ಗೊಬ್ಬರ ಹೊತ್ತ ಮೊಣಕಾಲು ಅದು, ಬಗ್ಗುವುದಿಲ್ಲ. ಒಂದು ಕಾಲನ್ನು ಹಲಗೆಯ ಹಾಗೆ ಚಾಚಿಕೊಂಡು ರುಬ್ಬಿದಳು. ಮಧ್ಯಾಹ್ನದ ಹೊತ್ತಿಗೆ ಮುಗಿದದ್ದು ಎರಡು ಸೇರು. ಉಳಿದ ಅಕ್ಕಿ ಹುಳಿ ವಾಸನೆ ಹೊಡೆಯತೊಡಗಿತು. ಜಯಪ್ರಕಾಶ ಕೊಪ್ಪದಿಂದ ಪ್ಯಾಕೆಟ್ ಹಿಟ್ಟು ತರಿಸಿಕೊಂಡ.

ನಾನು ಸುಂದರೇಶ, ವೈರಿಂಗ್ ಕೆಲಸದವನು. ಶೇಷಮ್ಮಕ್ಕನ ಮನೆಯಿಂದ ನಾಲ್ಕನೇ ಮನೆ ನನ್ನದು. ಆ ಫ್ಯೂಸು ಹೋಗಲು ನಾನೂ ಒಂದು ಕಾರಣ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಉಳಿದವರನ್ನು ಬೈಯಲು ಸಲೀಸಾಗುತ್ತದೆ.

ನಮ್ಮ ಕಾಲೊನಿಯಲ್ಲಿ ಹದಿನಾಲ್ಕು ಮನೆ. ಬಹುತೇಕ ಎಲ್ಲರೂ ಯಜ್ಞೇಶಯ್ಯನವರ ತೋಟಕ್ಕೆ ಕೆಲಸಕ್ಕೆ ಹೋಗುವವರು. ಬೆಳಿಗ್ಗೆ ಎಂಟಕ್ಕೆ ಅಯ್ಯ ಗೇಟಿನ ಹತ್ತಿರ ಗಡಿಯಾರ ನೋಡಿಕೊಂಡು ನಿಂತಿರುತ್ತಾರೆ. ಐದು ನಿಮಿಷ ತಡವಾದರೆ ಅರ್ಧ ದಿನ ಎಂದು ಹಿಡಿಯುತ್ತಾರೆ. ಕೆಲಸ ಮಾತ್ರ ಇಡೀ ದಿನದ್ದು.

ಕಳೆದ ದೀಪಾವಳಿಗೆ ಅಯ್ಯ ಕರೆಂಟಿನ ಕಾರು ತಂದರು. ಬಿಳಿ ಬಣ್ಣ, ಸದ್ದಿಲ್ಲ. ಅದರಲ್ಲಿ ಒಂದು ಚಮತ್ಕಾರ ಇತ್ತು. ಅದು ಕರೆಂಟು ಕುಡಿಯುವುದಷ್ಟೇ ಅಲ್ಲ, ಬೇಕೆಂದಾಗ ವಾಪಸು ಕೊಡುತ್ತದೆ. ಚಾರ್ಜು ಮಾಡುವ ಬಾಯಿಗೆ ಒಂದು ಪ್ಲಗ್ಗಿನ ಪೆಟ್ಟಿಗೆ ಸಿಕ್ಕಿಸಿದರೆ ಮುಗಿಯಿತು, ಕಾರು ನಿಂತಲ್ಲೇ ಮನೆಯ ಸ್ವಿಚ್‌ಬೋರ್ಡು. ಹಸು ಹುಲ್ಲು ತಿಂದು ಹಾಲು ಕೊಡುವ ಹಾಗೆ. ಹುಲ್ಲು ಯಾರ ಗದ್ದೆಯದ್ದು ಎಂಬುದೇ ಈ ಕಥೆ.

ವಾರದ ದಿನಗಳಲ್ಲಿ ಕಾರು ತೋಟದ ನಡುವೆ ನಿಂತು ಅಡಿಕೆ ಸುಲಿಯುವ ಯಂತ್ರ ಓಡಿಸುತ್ತಿತ್ತು. ಶನಿವಾರ ನರಸಿಂಹರಾಜಪುರದ ಕಡೆ ಭದ್ರಾ ಹಿನ್ನೀರಿನ ದಡಕ್ಕೆ ಹೋಗುತ್ತಿತ್ತು. ಅಲ್ಲಿ ಟೆಂಟು, ಬಣ್ಣದ ದೀಪ, ಆಳೆತ್ತರದ ಸ್ಪೀಕರು, ಪಾಪ್‌ಕಾರ್ನ್ ಹುರಿಯುವ ಯಂತ್ರ. ಊರೂರಿಂದ ಬರುವ ಗಿರಾಕಿಗಳಿಗೆ ಇದರ ಹೆಸರು 'ಹಸಿರು ವಿಹಾರ'.

ತೊಂದರೆ ಒಂದೇ. ಅಯ್ಯನ ಮನೆ ಲೈನಿನ ಕಟ್ಟಕಡೆಗೆ ಇದೆ, ಅಲ್ಲಿ ವೋಲ್ಟೇಜು ಏಳುವುದೇ ಇಲ್ಲ. ಬಲ್ಬು ಹಚ್ಚಿದರೆ ಹಣ್ಣಡಿಕೆಯ ಬಣ್ಣಕ್ಕೆ ಉರಿಯುತ್ತದೆ. ನಮ್ಮ ಕಾಲೊನಿಗೆ ಹೊಸ ಟ್ರಾನ್ಸ್‌ಫಾರ್ಮರ್ ಬಂದಿತ್ತು. ಮೇಲಾಗಿ ನಮ್ಮದು ಉಚಿತ ಕರೆಂಟು, ಮಿತಿ ದಾಟದಿದ್ದರೆ.

ಮಾರ್ಚ್ ಕೊನೆಗೆ ಒಂದು ಬೆಳಿಗ್ಗೆ ಅಯ್ಯ ಶೇಷಮ್ಮಕ್ಕನ ಅಂಗಳಕ್ಕೇ ಬಂದರು. ಚಪ್ಪಲಿ ಬಿಟ್ಟು ಜಗಲಿಯ ಮೇಲೆ ಕೂತರು. ಅಂಥದ್ದನ್ನು ನಾವ್ಯಾರೂ ನೋಡಿರಲಿಲ್ಲ.

"ಶೇಷಮ್ಮ, ಇದು ಮುಯ್ಯಾಳಿನ ಹಾಗೆ ಅಂತ ತಿಳ್ಕೊ. ಈಗ ನಿಮ್ಮನೆ ಕರೆಂಟು ನನ್ನ ಕಾರಿಗೆ. ನಾಳೆ ಗಾಳಿ ಮಳೆ ಬಂದು ಕರೆಂಟು ಹೋದಾಗ ನನ್ನ ಕಾರು ನಿಮ್ಮನೆ ಬಾಗ್ಲಿಗೆ. ನಿನ್ನ ಗ್ರೈಂಡರು ಒಂದು ದಿನವೂ ನಿಲ್ಲೋದಿಲ್ಲ."

ಮುಯ್ಯಾಳು ಎಂದರೆ ನಮ್ಮಲ್ಲಿ ಹಗುರದ ಮಾತಲ್ಲ. ಇವತ್ತು ನಾನು ನಿನ್ನ ಗದ್ದೆ ನಾಟಿಗೆ ಬಂದರೆ ನಾಳೆ ನೀನು ನನ್ನ ಮನೆ ಹೆಂಚು ಹೊದಿಸಲು ಬರಬೇಕು. ಸಂಬಳ ಇಲ್ಲ, ಕಾಗದ ಇಲ್ಲ. ಬಂದ ಆಳಿಗೆ ಮನೆಯವರು ಎದುರು ನಿಂತು ಹೊಟ್ಟೆ ತುಂಬ ಬಡಿಸಬೇಕು. ಮುಯ್ಯಾಳು ತೀರಿಸದವನ ಮನೆಗೆ ಹೆಣ ಎತ್ತಲೂ ಜನ ಹಿಂದೆ ಮುಂದೆ ನೋಡುತ್ತಾರೆ. ಆದರೆ ಅದು ನಮ್ಮ ನಮ್ಮೊಳಗಿನ ವ್ಯವಹಾರ. ಒಡೆಯರೊಬ್ಬರು ಬಾಯಿಬಿಟ್ಟು ಮುಯ್ಯಾಳು ಅಂದದ್ದು ನಮ್ಮ ಅಜ್ಜಂದಿರ ಕಾಲದಲ್ಲೂ ಇಲ್ಲ.

ಶೇಷಮ್ಮಕ್ಕ ಕರಗಿಹೋದಳು. "ಅಯ್ಯ ನಮ್ಮನ್ನ ಸರೀಕ್ರು ಅಂತ ಎಣಿಸಿದ್ರು ಕಣ ಸುಂದ್ರೇಶ," ಎಂದು ನನ್ನ ಹತ್ತಿರ ಮೂರು ಸಲ ಹೇಳಿದಳು.

ನಾನೂ ಕರಗಿದೆ. ದಪ್ಪ ವೈರು ಎಳೆದೆ, ದೊಡ್ಡ ಸಾಕೆಟ್ಟು ಹಾಕಿದೆ, ಗುಂಡಿ ತೋಡಿ ಉಪ್ಪು ಇದ್ದಿಲು ತುಂಬಿ ಅರ್ಥಿಂಗ್ ಮಾಡಿದೆ. ಮುಯ್ಯಾಳಲ್ಲವೇ, ಕೂಲಿ ಕೇಳಲಿಲ್ಲ. ಅಯ್ಯನೂ ಕೊಡಲಿಲ್ಲ. ಇಂಥ ವಿಷಯದಲ್ಲಿ ಅವರ ನೆನಪು ಬಹಳ ಚುರುಕು.

ಕಾರು ಬಂದು ನಿಂತ ಪ್ರತಿ ದಿನವೂ ಶೇಷಮ್ಮಕ್ಕ ಜಗಲಿಯ ಗೋಡೆಗೆ ಇದ್ದಿಲಿನಲ್ಲಿ ಒಂದು ಗೆರೆ ಎಳೆಯುತ್ತಿದ್ದಳು. ಮುಯ್ಯಾಳಿನ ಗೆರೆ. ಅವಳ ಅತ್ತೆಯೂ ಹಾಗೇ ಎಳೆಯುತ್ತಿದ್ದಳಂತೆ.

ಒಂದು ಶನಿವಾರ ದೀಪ ಕಟ್ಟಲು ನಾನು ಹಿನ್ನೀರಿನ ದಡಕ್ಕೆ ಹೋಗಿದ್ದೆ. ಸಂಜೆ ಸ್ಪೀಕರು ಅಬ್ಬರಿಸುತ್ತಿತ್ತು. ಹಕ್ಕಿಗಳೆಲ್ಲ ಆಚೆ ದಡಕ್ಕೆ ಗುಳೆ ಹೋಗಿದ್ದವು. ಗಿರಾಕಿಯೊಬ್ಬರು ಕೇಳಿದರು, "ಈ ಕರೆಂಟು ಸೋಲಾರಾ ಸರ್?"

ಯಜ್ಞೇಶಯ್ಯ ಎರಡೂ ಕೈ ಚಾಚಿ, ಕಾಡು, ನೀರು, ಆಕಾಶ ಎಲ್ಲ ತಮ್ಮ ಹೆಸರಿಗೆ ಖಾತೆ ಆಗಿರುವವರ ಹಾಗೆ ಹೇಳಿದರು, "ಎಲ್ಲಾ ಪ್ರಕೃತಿ ಕೊಟ್ಟದ್ದು."

ಶೇಷಮ್ಮಕ್ಕ ಯಾವಾಗ ಪ್ರಕೃತಿ ಆದಳು ಎಂದು ನನಗೆ ತಿಳಿಯಲಿಲ್ಲ. ಕೊಟ್ಟ ಪಾಪ್‌ಕಾರ್ನ್ ತಿಂದು ಸುಮ್ಮನೆ ಬಂದೆ. ಅದು ನನ್ನ ಎರಡನೇ ತಪ್ಪು.

ಏಪ್ರಿಲ್ ಕೊನೆಗೆ ಗಾಳಿ ಮಳೆ ಹೊಡೆಯಿತು. ಮತ್ತಿಯ ಮರ ಲೈನಿನ ಮೇಲೆ ಬಿದ್ದು ಎರಡು ಕಂಬ ಮುರಿಯಿತು, ಮೂರು ದಿನ ಕರೆಂಟಿಲ್ಲ. ಶೇಷಮ್ಮಕ್ಕ ನನ್ನನ್ನು ಅಯ್ಯನ ಮನೆಗೆ ಅಟ್ಟಿದಳು. "ಎರಡು ಗಂಟೆ ಸಾಕು ಅನ್ನು. ಮುಯ್ಯಾಳು ಅನ್ನು, ಅವ್ರಿಗೆ ನೆನಪಾಗ್ತದೆ."

ಅಯ್ಯ ಅಂಗಳದಲ್ಲಿ ಕಾರಿಗೆ ಟೆಂಟು ತುಂಬಿಸುತ್ತಿದ್ದರು.

"ಇವತ್ತು ಬುಕ್ಕಿಂಗ್ ಉಂಟು ಮಾರಾಯ. ಅಲ್ಲದೆ ಗ್ರೈಂಡರು ತಿರುಗ್ಸಿದ್ರೆ ಬ್ಯಾಟ್ರಿ ಹಾಳಾಗ್ತದೆ."

"ಪಾಪ್‌ಕಾರ್ನ್ ಹುರಿದ್ರೆ ಆಗಲ್ವ ಅಯ್ಯಾ?"

"ಅದು ಬಿಸಿನೆಸ್ಸು. ನಿನಗೆ ಅರ್ಥ ಆಗಲ್ಲ. ಬೇಕಾದ್ರೆ ಮೊಬೈಲ್ ತನ್ನಿ, ಒಂದಕ್ಕೆ ಹತ್ತು ರೂಪಾಯಿ, ಚಾರ್ಜು ಮಾಡಿ ಕೊಡ್ತೀನಿ."

ನಮ್ಮ ಕರೆಂಟನ್ನು ನಮಗೇ ಹತ್ತು ರೂಪಾಯಿಗೆ! ಹೇಳಿಕೊಳ್ಳಲು ನಾಚಿಕೆ, ನಾಲ್ಕು ಜನ ಮೊಬೈಲು ಕೊಟ್ಟರು. ನಾಲ್ಕರಲ್ಲಿ ಒಂದು ನನ್ನದು.

ಆಮೇಲೆ ಬಿಲ್ಲು ಬಂತು. ಶೇಷಮ್ಮಕ್ಕನ ಮೀಟರು ಮಿತಿಯನ್ನು ಯಾವತ್ತೋ ದಾಟಿ ಓಡಿತ್ತು. ಮೊತ್ತ ಹೇಳುವುದಿಲ್ಲ, ಹೇಳಿದರೆ ನನಗೆ ಇನ್ನೂ ಸಿಟ್ಟು ಬರುತ್ತದೆ. ಅವಳು ಆ ಕಾಗದವನ್ನು ಸೆರಗಿನಲ್ಲಿ ಕಟ್ಟಿಕೊಂಡು ಅಯ್ಯನ ಮನೆಗೆ ಹೋದಳು. ಜೊತೆಗೆ ನಾನೂ ಹೋದೆ. ಈ ಸಲ ಜಗಲಿ ಇಲ್ಲ, ಅಂಗಳದಲ್ಲೇ ಮಾತು.

"ಮೀಟರು ನಿಂದು, ಬಿಲ್ಲೂ ನಿಂದು," ಎಂದರು ಅಯ್ಯ. "ನಾನು ಕಾರು ನಿಲ್ಲಿಸಿದ್ದು ಹೌದು. ಕರೆಂಟು ತಗೊಂಡಿದ್ದಕ್ಕೆ ಸಾಕ್ಷಿ ಎಂತ ಉಂಟು?"

"ಗೋಡೆ ಮೇಲೆ ಗೆರೆ ಐತಲ್ಲ ಅಯ್ಯಾ. ಇಪ್ಪತ್ತೊಂಬತ್ತು."

"ಇದ್ದಿಲು ಇದ್ರೆ ಯಾರು ಬೇಕಾದ್ರೂ ಗೆರೆ ಎಳೀಬೌದು."

"ಮುಯ್ಯಾಳು ಅಂದಿದ್ರಿ."

"ಒಂದು ಮಾತಿಗೆ ಹೇಳಿದ್ದಪ್ಪ ಅದು. ಅದನ್ನೇ ಹಿಡ್ಕೊಂಡು ಕೂತ್ರೆ ಹ್ಯಾಗೆ?"

ಬರುವಾಗ ಅವಳು ಬಿಲ್ಲನ್ನು ಮತ್ತೆ ಸೆರಗಿಗೆ ಗಂಟು ಹಾಕಿಕೊಂಡಳು. ಬಿಲ್ಲಿನ ಬಗ್ಗೆ ಅವಳಿಗೆ ಅಷ್ಟು ನೋವಿರಲಿಲ್ಲ ಎಂದು ನನಗನ್ನಿಸಿತು. ಜಗಲಿಯ ಮೇಲೆ ಕೂತು ಹೇಳಿದ್ದು ಸುಳ್ಳಾಯಿತಲ್ಲ, ನೋವು ಅದರದ್ದು. ಗಡುವು ಮುಗಿದ ಮೇಲೆ ಒಂದು ಬುಧವಾರ ಲೈನ್‌ಮನ್ ಬಂದ. ಪಾಪ, ಅವನ ಮುಖ ನೆಲದ ಕಡೆಗೇ ಇತ್ತು. ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡು ಹೋದ. ಒರಳುಕಲ್ಲಿನ ಕಥೆ ಆಗಲೇ ಹೇಳಿದೆ.

ಶುಕ್ರವಾರ ಸಂಜೆ ಅಯ್ಯ ಮಂಜಪ್ಪನಿಗೆ ಹೇಳಿ ಕಳಿಸಿದರು. ಮಂಜಪ್ಪ ಶೇಷಮ್ಮಕ್ಕನ ಪಕ್ಕದ ಮನೆಯವನು. ಇಪ್ಪತ್ತು ವರ್ಷದಿಂದ ತೋಟದಲ್ಲಿ ಅವನ ಬಾಯಿಂದ "ಆಯ್ತಯ್ಯಾ" ಬಿಟ್ಟು ಬೇರೆ ಮಾತು ಕೇಳಿದವರಿಲ್ಲ. ನಾಳೆಯಿಂದ ಕಾರು ಅವನ ಮನೆ ಮೀಟರಿಗೆ. ವೈರನ್ನು ನಾನು ಅತ್ತ ತಿರುಗಿಸಬೇಕು.

ಮಂಜಪ್ಪನ ಜಗಲಿಯಲ್ಲಿ ಎಲ್ಲರೂ ಸೇರಿದರು. ಒಬ್ಬರು ಕಾರಿಗೆ ಕಲ್ಲು ಹೊಡೆಯೋಣ ಎಂದರು, ಇನ್ನೊಬ್ಬರು ಟೈರು ಚುಚ್ಚೋಣ ಎಂದರು. ಮಂಜಪ್ಪ ಎಲೆ ಅಡಿಕೆ ಜಗಿಯುತ್ತ ಎಲ್ಲ ಕೇಳಿಸಿಕೊಂಡ. ಎದ್ದು ಹೋಗಿ ಉಗಿದು ಬಂದು ಕೂತ.

"ಮುಯ್ಯಾಳಿಗೆ ಬಂದ ಆಳಿಗೆ ಯಾರಾರೂ ಕಲ್ಲು ಹೊಡೀತಾರನ?" ಎಂದ. "ಬರ್ಲಿ. ಬಂದ್ಮೇಲೆ ಕೆಲ್ಸ ಹಚ್ಚಿದ್ರೆ ಆತು. ಆಳು ಬಂದ ದಿನ ಮನೆಯವ್ರು ಮನೇಲಿರ್ಬೇಕು. ನಾಳೆ ಯಾರೂ ತೋಟಕ್ಕೆ ಹೋಗದು ಬ್ಯಾಡ."

ಶೇಷಮ್ಮಕ್ಕ ಎದ್ದು ಅಕ್ಕಿ ನೆನೆಹಾಕಲು ಹೋದಳು. ಅವಳಲ್ಲಿ ಉಳಿದದ್ದು ಸಾಲದೆಂದು ಮನೆಮನೆಯಿಂದ ಒಂದೊಂದು ಸೇರು ಬಂತು.

ಶನಿವಾರ ಬೆಳಿಗ್ಗೆ ಏಳೂವರೆಗೆ ಕಾರು ಬಂತು. ಹಿಂದೆ ಜೀಪಿನಲ್ಲಿ ಗಿರಾಕಿಗಳು, ಶೃಂಗೇರಿಗೆ ಹೊರಟವರು. ಅಯ್ಯ ಕಾರಿನ ಕೀ ನನ್ನ ಕೈಗೆ ಕೊಟ್ಟು, "ನಾಲ್ಕು ಗಂಟೆಗೆ ಬರ್ತೀನಿ, ಫುಲ್ ಆಗಿರ್ಬೇಕು. ಟೆಂಟು, ಸ್ಪೀಕರು ಎಲ್ಲ ಹಿಂದೆ ಉಂಟು, ಸರಿ ಜೋಡಿಸಿಡು," ಎಂದರು. ಮಂಜಪ್ಪ "ಆಯ್ತಯ್ಯಾ" ಎಂದ. ಅಷ್ಟು ಚೊಕ್ಕವಾಗಿ ಅವನು ಯಾವತ್ತೂ ಅಂದಿರಲಿಲ್ಲ.

ಅಯ್ಯನನ್ನು ಹತ್ತಿಸಿಕೊಂಡ ಜೀಪು ತಿರುವು ದಾಟಿದ ಮೇಲೆ ಕಾರಿನ ಪರದೆ ನೋಡಿದೆ. ಬ್ಯಾಟರಿ ನೂರಕ್ಕೆ ನಲವತ್ತೈದು ಇತ್ತು. ಚಾರ್ಜಿನ ವೈರು ಮುಟ್ಟಲಿಲ್ಲ. ಹಿಂದಿನ ಡಿಕ್ಕಿಯಿಂದ ಪ್ಲಗ್ಗಿನ ಪೆಟ್ಟಿಗೆ ತೆಗೆದು ಕಾರಿನ ಬಾಯಿಗೆ ಸಿಕ್ಕಿಸಿದೆ, ಅಲ್ಲಿಂದ ಶೇಷಮ್ಮಕ್ಕನ ಅಡುಗೆಮನೆಗೆ ವೈರು ಎಳೆದೆ. ಗ್ರೈಂಡರು ಗುರ್ ಎಂದು ತಿರುಗಿತು. ಶೇಷಮ್ಮಕ್ಕ ಹಿಟ್ಟಿನೊಳಗೆ ಕೈ ಅದ್ದಿಕೊಂಡು ಹಾಗೇ ನಿಂತಳು. ನನಗೆ ಅಳು ಬಂತು, ಹೇಳಲು ನಾಚಿಕೆಯೇನಿಲ್ಲ.

ಆಮೇಲೆ ಸರದಿ. ಒಂದು ಮನೆಯ ಮಿಕ್ಸಿ, ಒಂದು ಮನೆಯ ಇಸ್ತ್ರಿಪೆಟ್ಟಿಗೆ, ಮಂಜಪ್ಪನ ಸೊಸೆ ಜ್ಯೋತ್ಸ್ನಾಳ ಹೊಲಿಗೆ ಯಂತ್ರ. ನಡುಮಧ್ಯಾಹ್ನಕ್ಕೆ ಯಾರೋ ಸ್ಪೀಕರನ್ನು ಹೊರಗೆ ತಂದರು. ಹಿನ್ನೀರಿನ ಹಕ್ಕಿ ಓಡಿಸುತ್ತಿದ್ದ ಅದರಲ್ಲಿ ಯಕ್ಷಗಾನದ ಚಂಡೆ ಬಡಿಯಿತು. ಕೆಲಸ ಬಿಟ್ಟು ಜನ ಕುಣಿದರು. ಕೊನೆಗೆ ಪಾಪ್‌ಕಾರ್ನ್ ಯಂತ್ರವೂ ಇಳಿಯಿತು. ಜಯಪ್ರಕಾಶನೇ ಸ್ಕೂಟರಿನಲ್ಲಿ ಬಂದು ಹಿಟ್ಟು ಒಯ್ದ. ಪ್ಯಾಕೆಟ್ ಹಿಟ್ಟಿನ ದೋಸೆ ತಿಂದ ಗಿರಾಕಿಗಳು ಅವನಿಗೆ ಮೂರು ದಿನದಿಂದ ಮಂಗಳಾರತಿ ಮಾಡುತ್ತಿದ್ದರಂತೆ.

ಮೂರೂವರೆಗೆ ಎಲ್ಲ ತನ್ನಿಂದ ತಾನೇ ನಿಂತಿತು. ಬ್ಯಾಟರಿ ಇಪ್ಪತ್ತಕ್ಕೆ ಇಳಿದರೆ ಕಾರು ಹೊರಗೆ ಕರೆಂಟು ಕೊಡುವುದಿಲ್ಲ, ಮನೆಗೆ ಹೋಗುವಷ್ಟು ಉಳಿಸಿಕೊಳ್ಳುತ್ತದೆ. ಎಲ್ಲಿ ನಿಲ್ಲಿಸಬೇಕು ಎಂಬುದು ಆ ಕಾರಿಗೆ ಗೊತ್ತಿತ್ತು, ಅದರ ಧಣಿಗೆ ಗೊತ್ತಿರಲಿಲ್ಲ.

ನಾಲ್ಕಕ್ಕೆ ಅಯ್ಯ ಬಂದರು. ಪರದೆ ನೋಡಿದರು. ಅಂಗಳದಲ್ಲಿ ಹರಡಿದ್ದ ವೈರು, ಸ್ಪೀಕರು, ಇಡೀ ಕಾಲೊನಿಯ ಜನ, ಎಲ್ಲ ನೋಡಿದರು. ಮುಖ ಕೆಂಪಾಯಿತು.

"ಕಳ್ಳನನ್ಮಕ್ಳಾ! ಪೊಲೀಸರಿಗೆ ಫೋನ್ ಮಾಡ್ತೀನಿ. ನನ್ನ ಕರೆಂಟು ಕದ್ದಿದೀರಿ!"

"ಕಾರು ನಿಂತಿದ್ದು ಹೌದಯ್ಯಾ," ಎಂದ ಮಂಜಪ್ಪ, ಬಹಳ ಮೆತ್ತಗೆ. "ಕರೆಂಟು ತಗೊಂಡಿದ್ದಕ್ಕೆ ಸಾಕ್ಷಿ ಎಂತ ಉಂಟು?"

ಶೇಷಮ್ಮಕ್ಕ ಜೀಪಿನ ಹತ್ತಿರ ಹೋಗಿ ಗಿರಾಕಿಗಳಿಗೆ ಮೊರದ ತುಂಬ ಪಾಪ್‌ಕಾರ್ನ್ ಹಿಡಿದಳು. ಒಬ್ಬ ಹೆಂಗಸು ಬಾಯಿಗೆ ಹಾಕಿಕೊಳ್ಳುತ್ತ ಕೇಳಿದರು, "ಇಲ್ಲೂ ಸೋಲಾರಾ ಅಮ್ಮ?"

"ಅಲ್ಲ ತಾಯಿ. ಅಲ್ಲಿದ್ದೂ ಅಲ್ಲ. ಎರಡೂ ಕಡೆದು ನಮ್ಮನೆ ಮೀಟರಿನ ಕರೆಂಟು. ಇವ್ರನ್ನೇ ಕೇಳಿ."

ಹೆಂಗಸು ಅಯ್ಯನ ಮುಖ ನೋಡಿದರು. ಅಯ್ಯ ಕಾರಿನ ಬಾಗಿಲು ತೆಗೆದರು. ಹಿನ್ನೀರಿಗೆ ಹೋಗುವ ಮಾತು ಮುಗಿದಿತ್ತು. ಸ್ಪೀಕರು, ಟೆಂಟು ಎತ್ತಿ ಒಳಗೆ ಹಾಕಲು ಆಳು ಬೇಕಿತ್ತು. ಹದಿನಾಲ್ಕು ಮನೆಯವರಲ್ಲಿ ಒಬ್ಬರೂ ಕೂತಲ್ಲಿಂದ ಏಳಲಿಲ್ಲ. ಅಯ್ಯನೇ ಸ್ಪೀಕರು ಹೊತ್ತರು, ಏದುಸಿರು ಬಿಟ್ಟರು.

ಫ್ಯೂಸು ಇನ್ನೂ ಲೈನ್‌ಮನ್ ಜೇಬಿನಲ್ಲೇ ಇದೆ. ಬಿಲ್ಲು ಇನ್ನೂ ಶೇಷಮ್ಮಕ್ಕನ ಸೆರಗಿನಲ್ಲೇ ಇದೆ. ಆದರೆ ಅವತ್ತು ಅವಳು ಒಲೆಯಿಂದ ಒಂದು ಚೂರು ಇದ್ದಿಲು ತಂದು, ಎಲ್ಲರೂ ನೋಡುತ್ತಿದ್ದ ಹಾಗೆ ಜಗಲಿಯ ಗೋಡೆಯ ಮೊದಲನೇ ಗೆರೆಯ ಮೇಲೆ ಅಡ್ಡ ಎಳೆದಳು. ಕೈ ಒರೆಸಿಕೊಂಡು ಕಾರಿನ ಕಿಟಕಿಯ ಹತ್ತಿರ ಬಂದಳು.

"ಒಂದು ತೀರ್ತು ಅಯ್ಯಾ. ಇನ್ನು ಇಪ್ಪತ್ತೆಂಟು. ಸೋಮವಾರ ಎಂಟು ಗಂಟೆಗೆ ಸರಿಯಾಗಿ ಕಳಿಸಿ. ಐದು ನಿಮಿಷ ತಡ ಆದ್ರೆ ಅರ್ಧ ದಿನ ಅಂತ ಹಿಡೀತೀವಿ."