ಹದಿನೇಳನೇ ಪ್ರಶ್ನೆ

ದುರೈಗೆ ಆ ಕೆಲಸ ಸಿಕ್ಕಿದ್ದು ಅವನ ನಾಲಿಗೆಯ ದೆಸೆಯಿಂದ. ಬೇರೆ ಯೋಗ್ಯತೆ ಏನಿತ್ತು ಅವನಿಗೆ? ಒಂಬತ್ತನೇ ತರಗತಿಯಲ್ಲೇ ಶಾಲೆಗೆ ಬೆನ್ನು ಹಾಕಿದವನು, ಚಿನ್ನಮನೂರಿನ ಆಸುಪಾಸಿನ ತೋಟಗಳಲ್ಲಿ ದ್ರಾಕ್ಷಿ ಪೆಟ್ಟಿಗೆ ಹೊತ್ತು ಲಾರಿಗೆ ಏರಿಸುತ್ತಿದ್ದವನು. ಅಂಥವನನ್ನು ಹುಡುಕಿಕೊಂಡು ಡಾಕ್ಟರ್ ಇಂದುಜಾ ಕಾರಿನಲ್ಲಿ ಬಂದಳು. ಸೂಜಿ ಚುಚ್ಚುವ ಡಾಕ್ಟರಲ್ಲ, ಓದಿ ಆದ ಡಾಕ್ಟರು. ರೋಗಕ್ಕೂ ಮನಸ್ಸಿಗೂ ಏನು ನಂಟು, ಯಾವ ಜನ ಯಾವ ಭಯಕ್ಕೆ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ ಎಂದು ಪತ್ತೆ ಮಾಡುವುದು ಅವಳ ಕಸುಬು.

ಅವಳು ಹಿಡಿದು ಬಂದ ಸಂಗತಿ ಸಣ್ಣದಲ್ಲ. ತಮಿಳುನಾಡಿನ ಕಂಬಂ ಕಣಿವೆಯಲ್ಲಿ ಎದೆಯ ಕ್ಯಾನ್ಸರ್ ಎಂದು ಆಸ್ಪತ್ರೆಗೆ ಬರುವವರಲ್ಲಿ, ತಲೆಮಾರುಗಳಿಂದ ಅಲ್ಲೇ ನೆಲೆಸಿಯೂ ಮನೆಯಲ್ಲಿ ಕನ್ನಡ ಆಡುವ ಒಕ್ಕಲು ಹೆಂಗಸರು ಪಕ್ಕದ ಬೀದಿಯ ತಮಿಳು ಹೆಂಗಸರಿಗಿಂತ ಎಷ್ಟೋ ತಿಂಗಳು ತಡವಾಗಿ ಬರುತ್ತಾರೆ. ಕುಡಿಯುವುದು ಒಂದೇ ನೀರು, ಹತ್ತುವುದು ಒಂದೇ ಬಸ್ಸು. ಬರುವ ಹೊತ್ತು ಮಾತ್ರ ಬೇರೆ. ಬರುವಷ್ಟರಲ್ಲಿ ಕಾಯಿಲೆ ಹಣ್ಣಾಗಿರುತ್ತದೆ. ಯಾಕೆ?

ಇಂದುಜಾ ಹೊರಗಿನವಳೇನಲ್ಲ. ಅವಳ ಅಜ್ಜಿ ನಿಲಕ್ಕೋಟ್ಟೈ ಕಡೆಯ ಹೂವಿನ ತೋಟದವಳು, ಇದೇ ಜನ, ಇದೇ ಮಾತು. ಅಜ್ಜಿ ಸತ್ತದ್ದೂ ಇದೇ ರೋಗದಲ್ಲಿ ಎಂದು ಮೊದಲ ದಿನವೇ ದುರೈಗೆ ಹೇಳಿದ್ದಳು. ಆದರೆ ಇಂದುಜಾ ಬೆಳೆದದ್ದು ದಿಂಡುಕ್ಕಲ್ಲಿನ ಕ್ವಾರ್ಟರ್ಸಿನಲ್ಲಿ. ಮನೆಮಾತು ಕಿವಿಗೆ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಅದೊಂದು ನಾಚಿಕೆ ಅವಳೊಳಗೆ ಕೂತಿತ್ತು.

"ನೋವನ್ನ ತಾಯಿಯ ಮಾತಲ್ಲೇ ಕೇಳಬೇಕು ದುರೈ," ಎಂದಳು ತಮಿಳಿನಲ್ಲಿ. "ತಮಿಳಲ್ಲಿ ಕೇಳಿದರೆ ಅವರು ಮನಸ್ಸು ಬಿಚ್ಚುವುದಿಲ್ಲ. ನಿಮ್ಮಂಥವರು ಮನೆಮನೆಗೆ ಹೋಗಿ ಕೇಳಬೇಕು."

ದುರೈಗೆ ನಗು ಬರಬೇಕಿತ್ತು. ಅವನ ಬೀದಿಯಲ್ಲಿ ತಮಿಳು ಬಾರದವರು ಯಾರಿದ್ದರು? ಸಂತೆಯಲ್ಲಿ ಚೌಕಾಸಿ ತಮಿಳಿನಲ್ಲಿ, ಬಸ್ಸಿನ ಕಂಡಕ್ಟರನ ಜೊತೆ ಜಗಳ ತಮಿಳಿನಲ್ಲಿ. ಅವನ ತಾಯಿ ರಂಗಮ್ಮಾಳ್ ತಮಿಳಿನಲ್ಲಿ ಬೈಯಲು ನಿಂತರೆ ತಮಿಳರೇ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಆದರೆ ಇಂದುಜಾ ಆಗಲೇ ಬ್ಯಾಗಿನಿಂದ ಒಂದು ಕಾರ್ಡು ತೆಗೆದಿದ್ದಳು. ನೀಲಿ ದಾರ, ಫೋಟೋ, ಕೆಳಗೆ 'ಕ್ಷೇತ್ರ ಸಂಶೋಧಕ' ಎಂದು ಅಚ್ಚು. ಹುಟ್ಟಿದಾಗಿನಿಂದ 'ಏಯ್' ಅನ್ನಿಸಿಕೊಂಡವನ ಕೊರಳಿಗೆ ಅದು ಬಿತ್ತು. ನಗು ಮರೆತು ಕಾರ್ಡನ್ನು ಎದೆಯ ಮೇಲೆ ನೇರ ಮಾಡಿಕೊಂಡ.

ಇನ್ನೊಂದು ಮಾತನ್ನೂ ಅವಳು ಹೇಳಿದ್ದಳು. ಸರ್ವೆಯಲ್ಲಿ ಯಾವ ಬೀದಿಯಲ್ಲಿ ಎದೆಯಲ್ಲಿ ಗಂಟಿರುವವರು ಹೆಚ್ಚು ಸಿಗುತ್ತಾರೋ ಆ ಬೀದಿಗೆ ಮೊದಲು ಪರೀಕ್ಷೆಯ ವ್ಯಾನು ಬರುತ್ತದೆ. ಯಂತ್ರ, ಲೇಡಿ ಡಾಕ್ಟರು, ಎಲ್ಲ ಬಾಗಿಲಿಗೇ. ಒಂದೇ ವ್ಯಾನು, ಇಡೀ ಕಣಿವೆಗೆ.

ತಮಿಳು ಬೀದಿಯಲ್ಲಿ ಕೇಳಲು ತೇನ್‌ಮೊಳಿ ಎಂಬ ಹುಡುಗಿ. ಯಾವುದೋ ದೂರದ ಊರಿನವಳು, ಯಾರಿಗೂ ಏನೂ ಆಗಬೇಕಾದವಳಲ್ಲ. ಕನ್ನಡದ ಬೀದಿಗೆ ದುರೈ.

ಮೊದಲ ಮನೆ ಗೋವಿಂದಮ್ಮಾಳದು. ವರಸೆಯಲ್ಲಿ ಅವನಿಗೆ ಅತ್ತೆ, ಅವನು ಅವಳಿಗೆ ಮಾಪ್ಳೆ, ಅಳಿಯ. ಜಗುಲಿಯಲ್ಲಿ ಕೂತು ಹುಣಸೆ ಬಿಡಿಸುತ್ತಿದ್ದಳು.

"ಬಾ ಮಾಪ್ಳೆ. ಕುತ್ಗೇಲಿ ಏನೋ ಅದು? ತಾಳಿಯಾ? ಯಾವ್ಳೋ ಕಟ್ಟುದ್ಳು?"

"ಕಾರ್ಡ್ ಅತ್ತೆ. ಸರ್ವೆ."

"ಸರ್ವೆನಾ! ಎಂಟನೇ ಕ್ಲಾಸಲ್ಲಿ ಮೂರ್ ಸಲ ಕೂತೋನು ನಮ್ಮುನ್ನ ಕೇಳ್ವಿ ಕೇಳಕ್ ಬಂದವ್ನೆ. ಕೇಳು ಸಾಮಿ, ಕೇಳು. ಪಾಸಾದ್ರೆ ಎಣ್ಣು ಕೊಡ್ತೀನಿ."

ಒಳಗಿನಿಂದ ಅವಳ ಮಗಳು ಕಿಸಕ್ಕೆಂದಳು. ಹೀಗೆ ನಗುತ್ತ ನಗಿಸುತ್ತ ಹದಿನಾರು ಪ್ರಶ್ನೆ ಮುಗಿದವು. ನಿದ್ದೆ ಬರುತ್ತದೆಯೆ, ಆಸ್ಪತ್ರೆ ಅಂದರೆ ಭಯವೆ, ಯಾರ ಮಾತು ನಂಬುತ್ತೀರಿ. ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕರ ತನಕ ಅಂಕ. ಹದಿನೇಳನೆಯದು ಬಂತು: ಕಳೆದ ಆರು ತಿಂಗಳಲ್ಲಿ ಮೊಲೆಯಲ್ಲಿ ಗಂಟು, ಕೀವು, ತೊಟ್ಟಿನಲ್ಲಿ ಬದಲಾವಣೆ ಏನಾದರೂ ಕಂಡಿದೆಯೆ?

ಇಲ್ಲಿ ಒಂದು ಸಂಗತಿ ತಿಳಿಯಬೇಕು. ಆ ಬೀದಿಯ ಹೆಂಗಸರೆಲ್ಲ ದುರೈಗೆ ಎರಡೇ ಬಗೆ. ತನ್ನ ಕುಲದವರಾದರೆ ತಾಯಿ, ಅಕ್ಕ. ಹೆಣ್ಣು ಕೊಡುವ ಕುಲದವರಾದರೆ ಅತ್ತೆ, ನಾದಿನಿ. ಅತ್ತೆಯಾದವಳು ಅಳಿಯನಾಗಬಲ್ಲವನ ಜೊತೆ ಎಷ್ಟು ಪೋಲಿ ಮಾತು ಬೇಕಾದರೂ ಆಡಬಹುದು. ತನ್ನ ಮೈಯ ಕಾಯಿಲೆ ಮಾತ್ರ ಅವನ ಕಿವಿಗೆ ಬೀಳಬಾರದು. ಬಿದ್ದರೆ ಅದು ಅವಳೊಬ್ಬಳದಾಗಿ ಉಳಿಯುವುದಿಲ್ಲ, ಮಗಳ ರಕ್ತದ್ದಾಗುತ್ತದೆ. ಆ ಮನೆಯ ಹೆಣ್ಣನ್ನು ಆಮೇಲೆ ಯಾರೂ ಕೇಳುವುದಿಲ್ಲ. ಇನ್ನು ತಾಯಿಯ ವರಸೆಯವಳಿಗಂತೂ ಮಗನ ಎದುರು ಆ ಜಾಗಕ್ಕೆ ಹೆಸರೇ ಇಲ್ಲ.

ದುರೈ ಆ ಪ್ರಶ್ನೆಯನ್ನು ಇದ್ದಂತೆ ಓದಲಿಲ್ಲ. ಮಾಡಿನ ಹೆಂಚು ನೋಡುತ್ತ, "ಮೇಲ್ಗಡೆ... ಏನಾರಾ ತೊಂದ್ರೆ?" ಎಂದ.

ಹುಣಸೆ ಬಿಡಿಸುತ್ತಿದ್ದ ಕೈ ಒಂದು ಗಳಿಗೆ ನಿಂತಿತು. ಸೆರಗು ಎಳೆದುಕೊಂಡಳು.

"ಇಲ್ಲೆ," ಎಂದಳು ಗೋವಿಂದಮ್ಮಾಳ್. ನಗು ಆರಿಹೋಗಿತ್ತು.

ಸೊನ್ನೆ.

ಮೂರನೇ ಮನೆಯ ಹೊತ್ತಿಗೆ, ತನ್ನ ಎದುರು ಯಾರೂ ನಿಜ ಹೇಳುವುದಿಲ್ಲ ಎಂದು ದುರೈಗೆ ಗೊತ್ತಾಗಿತ್ತು. ಗೊತ್ತಾಗದಿರಲು ಅವನೇನು ಚೆನ್ನೈಯಿಂದ ಬಂದವನೇ? ಸಂಜೆ ಇಂದುಜಾಳ ಬಳಿ ಹೋಗಿ 'ನನ್ನ ಬದಲು ತೇನ್‌ಮೊಳಿಯನ್ನು ಕಳಿಸಿ, ತಮಿಳಿನಲ್ಲೇ ಕೇಳಲಿ' ಎಂದಿದ್ದರೆ ಒಂದೇ ವಾಕ್ಯದಲ್ಲಿ ಮುಗಿಯುತ್ತಿತ್ತು. ಆ ವಾಕ್ಯ ಆಡಿದರೆ ಕಾರ್ಡು ವಾಪಸು ಕೊಡಬೇಕು, ಮರುದಿನ ಮತ್ತೆ ದ್ರಾಕ್ಷಿ ಪೆಟ್ಟಿಗೆ. ಅವನು ಆಡಲಿಲ್ಲ. ನೂರಾ ಹನ್ನೊಂದು ಮನೆಯಲ್ಲಿ ಹೆಂಚು ನೋಡಿದ, ನೂರಾ ಹನ್ನೊಂದು ಸೊನ್ನೆ ಬರೆದ.

ಉಳಿದದ್ದು ಒಂದು ಹೆಸರು. ಚೀಟಿ ಎತ್ತಿ ಆರಿಸಿದ ಪಟ್ಟಿಯಲ್ಲಿ ಅವನ ತಾಯಿಯ ಹೆಸರೂ ಬಂದಿತ್ತು. ಸ್ವಂತ ಮನೆಯವರನ್ನು ಇನ್ನೊಬ್ಬರು ಕೇಳಬೇಕು ಎಂದು ನಿಯಮ. 'ನಮ್ಮಮ್ಮ ತಾನೆ' ಎಂದುಕೊಂಡು ದುರೈ ತಾನೇ ಹೋದ.

ರಂಗಮ್ಮಾಳ್ ದ್ರಾಕ್ಷಿ ಪಂದಲಿನ, ಬಳ್ಳಿ ಹಬ್ಬಿಸಿದ ಚಪ್ಪರದ, ಕೆಳಗಿದ್ದಳು. ಆ ಕೆಲಸದಲ್ಲಿ ದಿನವಿಡೀ ಎರಡೂ ಕೈ ತಲೆಯ ಮೇಲಿರಬೇಕು. ಗೊಂಚಲು ತೂಗುವುದು ಮೇಲೆ. ಅವಳು ಕೆಲವು ದಿನಗಳಿಂದ ಬಲಗೈ ಒಂದನ್ನೇ ಎತ್ತುತ್ತಿದ್ದಳು. ದುರೈ ಅದನ್ನು ಕಂಡಿದ್ದ. ಕೀಲು ನೋವು ಇರಬೇಕು ಎಂದುಕೊಂಡಿದ್ದ. ಹಾಗಂದುಕೊಳ್ಳುವುದು ಸಲೀಸಾಗಿತ್ತು.

"ಯಮ್ಮಾ, ಮೇಲ್ಗಡೆ ಏನಾರಾ ತೊಂದ್ರೆ?"

ರಂಗಮ್ಮಾಳ್ ಮಗನ ಇಸ್ತ್ರಿ ಮಾಡಿದ ಶರ್ಟು ನೋಡಿದಳು, ಕಾರ್ಡು ನೋಡಿದಳು. ಮುಖ ಅರಳಿತು.

"ಇಲ್ಲೆ ಸಾರ್. ಬರ್ಕೊ."

ನೂರಾ ಹನ್ನೆರಡು.

ಮೂರು ತಿಂಗಳ ಮೇಲೆ ತೇನಿಯ ಒಂದು ಹೋಟೆಲಿನ ಎಸಿ ಹಾಲಿನಲ್ಲಿ ಸಭೆ. ಪರದೆಯ ಮೇಲೆ ಬಣ್ಣಬಣ್ಣದ ಕಂಬಗಳು ಎದ್ದವು. ತಮಿಳು ಬೀದಿಯ ಕಂಬ ಎತ್ತರ, ಒಂಬತ್ತು ಗಂಟು. ಕನ್ನಡದ ಬೀದಿಗೆ ಕಂಬವೇ ಇಲ್ಲ. ಇಂದುಜಾಳ ಹುಬ್ಬು ಗಂಟಿಕ್ಕಿತ್ತು. ಆಸ್ಪತ್ರೆಯ ದಾಖಲೆಗೂ ಇದಕ್ಕೂ ತಾಳೆ ಇಲ್ಲವಲ್ಲ ಎಂದು ಅವಳಿಗೇ ಅನ್ನಿಸಿತ್ತು. ಆದರೂ ಓದಿದವರಿಗೆ ವಿವರಣೆ ಸಿಗದೆ ಇರುತ್ತದೆಯೆ? 'ಈ ಸಮುದಾಯದ ಹೆಂಗಸರು ರೋಗದ ಲಕ್ಷಣವನ್ನು ಲಕ್ಷಣವೆಂದು ಗ್ರಹಿಸುವುದಿಲ್ಲ. ವಿಧಿಯ ಮೇಲಿನ ನಂಬಿಕೆ ಹೆಚ್ಚು' ಎಂದಳು. ಮುಂದಿನ ಸಾಲಿನ ಅಧಿಕಾರಿಯೊಬ್ಬರು ತಲೆದೂಗಿ, ಹಾಗಾದರೆ ವ್ಯಾನು ಗಂಟಿರುವ ಬೀದಿಗಳಿಗೇ ಹೋಗಲಿ, ಇಲ್ಲದ ಕಡೆ ಡೀಸೆಲ್ಲು ಯಾಕೆ ಸುಡುವುದು ಎಂದರು.

ಗ್ರಹಿಸುವುದಿಲ್ಲವಂತೆ! ಎಲೆಯ ಹಿಂದಿನ ಒಂದು ಹುಳವನ್ನು ಹತ್ತು ಮಾರು ದೂರದಿಂದ ಗ್ರಹಿಸುವ ಹೆಂಗಸರು, ತಮ್ಮ ಮೈಯಲ್ಲಿರುವುದನ್ನು ಗ್ರಹಿಸುವುದಿಲ್ಲವಂತೆ.  ದುರೈಗೆ ಎದ್ದು ನಿಲ್ಲಬೇಕು ಅನ್ನಿಸಿತು. ಅಷ್ಟರಲ್ಲಿ ಇಂದುಜಾ, "ನಮ್ಮ ಕ್ಷೇತ್ರ ಸಂಶೋಧಕ ಮಿಸ್ಟರ್ ದುರೈ" ಎಂದು ಕೈ ತೋರಿಸಿದಳು. ಚಪ್ಪಾಳೆ ಬಿತ್ತು. ಅವನೂ ಕೈ ಮುಗಿದ. ಆಮೇಲೆ ಬಿರಿಯಾನಿ ಇತ್ತು. ಎರಡು ಸಲ ಹಾಕಿಸಿಕೊಂಡು ತಿಂದ.

ಚಿತ್ತಿರೈ ತಿಂಗಳ ಬಿರುಬೇಸಿಗೆಯಲ್ಲಿ ರಂಗಮ್ಮಾಳ್ ಪಂದಲಿನ ಕೆಳಗೆ ಕುಸಿದು ಕೂತಳು. ರವಿಕೆಯ ಎಡಕ್ಕೆ ರೂಪಾಯಿಯಗಲ ಹಳದಿ ಕಲೆ, ಅದರ ನಡುವೆ ಕೆಂಪು. ಅರಿಶಿನ, ಬೇವು, ಸುಣ್ಣ, ಎಲ್ಲವನ್ನೂ ಅರೆದು ಒಳಗೆ ಕಟ್ಟಿಕೊಂಡಿದ್ದಳು. ಮದುರೈಯ ಆಸ್ಪತ್ರೆಯಲ್ಲಿ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು, ಶ್ವಾಸಕೋಶಕ್ಕೂ ಇಳಿದಿದೆ ಎಂದರು.

"ನಿಮ್ಮ ಕಡೆ ಯಾರೋ ಸರ್ವೆ ಮಾಡಿದರಲ್ಲ? ನಿಮ್ಮ ಮನೆಗೆ ಬರಲಿಲ್ಲವಾ?"

"ಬಂದಿದ್ರು ಸಾರ್," ಎಂದ ದುರೈ.

ವಾರ್ಡಿನಲ್ಲಿ ತಾಯಿಯ ಮಂಚದ ಬಳಿ ಅವನು ಗೋಡೆ ಗುದ್ದಿದ.

"ಯಾಕಮ್ಮಾ ಯೋಳ್ಳಿಲ್ಲ? ಬಾಯಿ ಸತ್ತಿತ್ತಾ ನಿಂಗೆ?"

"ನಿನ್ ಕೈಲಾ?" ರಂಗಮ್ಮಾಳ್ ಮುಖ ಆ ಕಡೆ ತಿರುಗಿಸಿದಳು. "ಎತ್ತ್ ಮಗನ್ ಕೈಲಿ ಯೋಳೋ ಮಾತೇನೋ ಅದು? ಎಲ್ಲಾರ್ ಮನೇಲೂ ಇಲ್ಲೆ ಇಲ್ಲೆ ಅಂತ ಬರ್ಕೊಂಡ್ ಬಂದಿದ್ದೆ. ನಮ್ಮನೇಲಿ ಮಾತ್ರ ಐತೆ ಅಂತ ಎಂಗೋ ಬರೀತಿದ್ದೆ? ಮೊದಲ್ನೇ ಸಲ ಯಾರೋ ನಿನ್ನ ಮನ್ಸ ಅಂತ ಕೆಲ್ಸಕ್ ಕರ್ದವ್ರೆ..." ಕೆಮ್ಮು ಬಂತು. "ಆ ತಮಿಳ್ ಪಿಳ್ಳೆ ಬಂದಿದ್ರೆ ಯೋಳಿರ್ತಿದ್ನೋ ಏನೋ. ನೀ ಬಂದೆ."

ದುರೈ ಹೊರಗೆ ಬಂದು ಇಂದುಜಾಳಿಗೆ ಫೋನು ಹಚ್ಚಿದ. ಎಲ್ಲವನ್ನೂ ಹೇಳಿದ, ಹೆಂಚು, ಅತ್ತೆಯರು, ಸೊನ್ನೆ. 

"ಮೊದಲೇ ಯಾಕೆ ಹೇಳಲಿಲ್ಲ ದುರೈ?"

"ನಾನು ಕಳ್ಳ. ಕಾರ್ಡಿನ ಆಸೆಗೆ ಬಿದ್ದೆ. ನೀವ್ ಯಾಕ್ ಕೇಳ್ಳಿಲ್ಲ ಅಕ್ಕ? ನಿಮ್ ಅಜ್ಜಿ ಯಾರ್ ಕೈಲೂ ಯೋಳ್ದೆ ಯಾಕ್ ಸತ್ಳು ಅಂತ ಮನೇಲ್ ಒಂದ್ಸಲನಾರಾ ಕೇಳಿದ್ರಾ?"

ಇಂದುಜಾ ಅಳುತ್ತಿದ್ದಳು. ಅಳುತ್ತಲೇ ಹೇಳಿದಳು: ವರದಿ ಆಗಲೇ ಪ್ರಕಟಣೆಗೆ ಹೋಗಿದೆ, 'ಅಧ್ಯಯನದ ಮಿತಿಗಳು' ಎಂಬ ಭಾಗದಲ್ಲಿ ಒಂದು ಸಾಲು ಸೇರಿಸುತ್ತೇನೆ. ಹೊಸ ಸರ್ವೆಗೆ ಸಮಿತಿಯ ಅನುಮತಿ ಬೇಕು, ಮುಂದಿನ ವರ್ಷ ಆಗಬಹುದು.

ಒಂದು ಸಾಲು. ಅವನು ಫೋನು ಕತ್ತರಿಸಿ ಊರಿನ ಬಸ್ಸು ಹತ್ತಿದ.

ಇಳಿದಾಗ ನಲ್ಲಿಯಲ್ಲಿ ನೀರು ಬರುವ ಹೊತ್ತು. ಹೆಂಗಸರೆಲ್ಲ ಬೀದಿಯಲ್ಲಿದ್ದರು. ದುರೈ ನಟ್ಟನಡುವೆ ನಿಂತು ಗಂಟಲು ಹರಿಯುವಂತೆ ಕೂಗಿದ.

"ಮೊಲೇಲಿ ಗಂಟು ಇರೋರು ಯೋಳ್ರಮ್ಮಾ! ನಾ ಬರ್ದಿದ್ದೆಲ್ಲ ಸುಳ್ಳು! ನಮ್ಮಮ್ಮ ಸಾಯ್ತಾವ್ಳೆ! ಮೊಲೇಲಿ ಗಂಟು ಇರೋರು..."

"ಥೂ! ಕುಡ್ದ್ ಬಂದವ್ನೆ ನೋಡು!"

"ಎಣ್ಮಕ್ಳು ಇರೋ ಬೀದೀಲಿ ಎಂತಾ ಮಾತೋ, ಪಾಪಿ!"

ಕೊಡಗಳು ಎದ್ದವು, ಬಾಗಿಲುಗಳು ಮುಚ್ಚಿದವು. ನಲ್ಲಿ ಒಂದೇ ಸುರಿಯುತ್ತಿತ್ತು. ಅದನ್ನು ನಿಲ್ಲಿಸಲು ಗೋವಿಂದಮ್ಮಾಳ್ ಮಾತ್ರ ಬಂದಳು. ತಿರುಪು ಬಿಗಿ ಮಾಡಿ, ಅವನ ಮುಖ ನೋಡದೆ ಹೇಳಿದಳು.

"ಕೂಗ್ಬ್ಯಾಡ. ನೀ ಕೂಗ್ದಷ್ಟೂ ಒಳಗ್ ಓಗ್ತವ್ರೆ. ಆ ತಮಿಳ್ ಪಿಳ್ಳೆ ಇದ್ಲಲ್ಲ, ಅವ್ಳುನ್ನ ಕಳ್ಸು. ನೀ ಊರೊಳಗ್ ಇರ್ಬ್ಯಾಡ."

"ಎಷ್ಟ್ ಜನ ಅತ್ತೆ?"

"ನಿಂಗ್ಯಾಕೋ ಅದು?" ಎಂದಳು ಗೋವಿಂದಮ್ಮಾಳ್.

ದುರೈ ರಾತ್ರಿಯೇ ಫೋನು ಮಾಡಿ ಕರೆದಿದ್ದ; ಮರುದಿನ ಬೆಳಗಿನ ಬಸ್ಸಿಗೆ ತೇನ್‌ಮೊಳಿ ಬಂದಳು. ಅನುಮತಿ ಇಲ್ಲ, ಕಾರ್ಡಿಲ್ಲ, ಕೈಯಲ್ಲೊಂದು ಶಾಲೆಯ ನೋಟ್‌ಬುಕ್ಕು. ದುರೈ ಕಾಲುವೆಯ ಮೋರಿಯ ಮೇಲೆ ಬೀದಿಗೆ ಬೆನ್ನು ಮಾಡಿ ಕೂತಿದ್ದ. ಅಲ್ಲಿಂದಾಚೆ ಅವನು ಬರುವಂತಿರಲಿಲ್ಲ.

"ಯಾವ ಮನೆಗೆ ಹೋಗಲಿ ಅಣ್ಣಾ?" ಎಂದಳು.

"ನಮ್ಮನೆ ಬಿಟ್ಟು ಎಲ್ಲಾ ಮನೆಗೂ," ಎಂದ.