ಹನ್ನೆರಡು ಫ್ರೇಮ್

ನಾನು ರಾಕ್ಷಸರನ್ನು ಕುಣಿಸುವವಳು. ವಿಡಿಯೋ ಗೇಮ್ ಮಾಡುವ ಕಡೆ ಅದೂ ಒಂದು ಕೆಲಸ: ಗದೆ ಎಷ್ಟು ಮೇಲೇಳಬೇಕು, ಎಷ್ಟು ಬೇಗ ಇಳಿಯಬೇಕು ಎಂದು ಚಲನೆ ರೂಪಿಸುವುದು. ಪಕ್ಕದ ಕುರ್ಚಿ ಗುರಾಣಿಯಣ್ಣನದು. ಆ ಹೆಸರು ಆಫೀಸಿನವರು ಇಟ್ಟದ್ದು. ಗದೆ ಇಳಿಯುವಾಗ ವೀರ ಗುರಾಣಿ ಎತ್ತಲು ಆಟಗಾರನಿಗೆ ಎಷ್ಟು ಕಾಲ ಸಿಗಬೇಕು ಎಂದು ತೀರ್ಮಾನಿಸುವವರು ಅವರು. ಒಂದು ಸೆಕೆಂಡನ್ನು ಅರವತ್ತು ಚೂರು ಮಾಡಿದರೆ ಒಂದೊಂದು ಚೂರಿಗೂ ಫ್ರೇಮ್ ಅನ್ನುತ್ತೇವೆ. ಅಣ್ಣನ ಪ್ರಕಾರ ಹನ್ನೆರಡು ಫ್ರೇಮ್ ನ್ಯಾಯ. ಒಂಬತ್ತು ವರ್ಷದಿಂದ ಅದಕ್ಕೆ ಅಳತೆಗೋಲು ಬಟನ್ ಒತ್ತುವ ಅವರ ಹೆಬ್ಬೆರಳು.

ಆಟ ಸಾಗಿದಂತೆ ವೀರನ ಬಲ, ಆಯಸ್ಸು, ಕವಚ ಎಲ್ಲವೂ ಬೆಳೆಯುತ್ತವೆ. ಕೈ ಚುರುಕಿಲ್ಲದವರು ವೀರನನ್ನು ಬೆಳೆಸಿಕೊಂಡು ಬಂದು ಗೆಲ್ಲಬಹುದು. ಅಣ್ಣ ಮಾತ್ರ ಮೊದಲ ಮಟ್ಟದ ಬಡಕಲು ವೀರನನ್ನೇ ಹಿಡಿದು ಕೂರುತ್ತಿದ್ದರು. ಅವನಿಂದ ಗೆದ್ದರೆ ಮಾತ್ರ ಆ ಕಾಳಗಕ್ಕೆ ಅವರ ಒಪ್ಪಿಗೆ.

ಈ ವರ್ಷ ಅವರದು ಒಂದೇ ದೂರು. ನನ್ನ ರಾಕ್ಷಸನಿಗೆ ಅವಸರ ಹೆಚ್ಚಂತೆ, ಏಟಿನ ಸುಳಿವೇ ಕೊಡುವುದಿಲ್ಲವಂತೆ. ಹನ್ನೆರಡನ್ನು ಹದಿನಾಲ್ಕು ಮಾಡಿದರು, ತಿಂಗಳು ಕಳೆದು ಹದಿನೇಳು, ಆಮೇಲೆ ಇಪ್ಪತ್ತೆರಡು. ನನಗೆ ಮೈ ಉರಿಯಿತು. ನನ್ನ ಕೆಲಸದಲ್ಲಿ ಕೊಂಕು ತೆಗೆಯುವುದೇ ಇವರಿಗೆ ಚಟವಾಗಿದೆ ಎಂದುಕೊಂಡೆ. ಎದುರಿಗೇ ಕೇಳಬೇಕಿತ್ತು, ಕೇಳಲಿಲ್ಲ.

ಹೊರಗಿನ ಆಟಗಾರರನ್ನು ಕರೆಸಿ ಆಡಿಸಿದ ದಿನ ಬಣ್ಣ ಬಯಲಾಯಿತು. ಹನ್ನೊಂದು ಜನರಲ್ಲಿ ಹತ್ತು ಜನ ಮೊದಲ ಸಲಕ್ಕೇ ರಾಕ್ಷಸನನ್ನು ಕೆಡವಿದರು. ವೀರನನ್ನು ಬೆಳೆಸುವ ಗೋಜಿಗೇ ಯಾರೂ ಹೋಗಲಿಲ್ಲ, ಅಗತ್ಯವಿದ್ದರೆ ತಾನೆ? ಒಬ್ಬಾಕೆ ಆಕಳಿಸಿದಳು. ಮ್ಯಾನೇಜರ್ ನನ್ನನ್ನು ಕರೆದು, ಇದು ರಾಕ್ಷಸನೋ ಹಿಟ್ಟಿನ ಗೊಂಬೆಯೋ ಎಂದು ಕೇಳಿದರು.

ನಾನೂ ಬಿಡುವವಳಲ್ಲ. ಮರುದಿನ ಅಣ್ಣ ಬರುವ ಮೊದಲೇ, ಯಾರಿಗೂ ಹೇಳದೆ, ಮತ್ತೆ ಹನ್ನೆರಡಕ್ಕೆ ಇಳಿಸಿಟ್ಟೆ. ಅವರು ಆರಾಮಾಗಿ ಗೆಲ್ಲುತ್ತಾರೆ, ಆಗ ನನ್ನ ರಾಕ್ಷಸನದು ಏನೂ ತಪ್ಪಿಲ್ಲ ಎಂದು ಮುಖಕ್ಕೆ ಹೇಳಬಹುದು ಎಂಬ ಹಟ.

ಅಣ್ಣ ಆಡಲು ಕೂತರು. ಸತ್ತರು. ಮತ್ತೆ ಎದ್ದರು, ಮತ್ತೆ ಸತ್ತರು. ಇಪ್ಪತ್ತು ಸಲವಾದ ಮೇಲೆ ನಾನು ಪರದೆ ಬಿಟ್ಟು ಅವರ ಕೈ ನೋಡಿದೆ. ಗದೆ ಏಳುತ್ತಿದ್ದಂತೆ ಅವರ ಕಣ್ಣು ಕಿರಿದಾಗುತ್ತಿತ್ತು. ಅಂದರೆ ಏಟು ಬರುವುದು ಅವರಿಗೆ ಕಾಣುತ್ತಿತ್ತು. ಹೆಬ್ಬೆರಳು ಮಾತ್ರ ಬಟನ್ ಮೇಲೆ ಸಣ್ಣಗೆ ನಡುಗಿ, ಆಮೇಲೆ ಒತ್ತುತ್ತಿತ್ತು. ಅಷ್ಟರಲ್ಲಿ ವೀರ ನೆಲ ಕಚ್ಚಿರುತ್ತಿದ್ದ. ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಎಂಥ ಪಾಪದ ಕೆಲಸ ಮಾಡಿಬಿಟ್ಟೆ ಅನ್ನಿಸಿತು. ಕಂಪ್ಯೂಟರಿನಲ್ಲೇ ಏನೋ ತೊಂದರೆ ಎಂದು ಸುಳ್ಳು ಹೇಳಲು ಬಾಯಿ ತೆರೆದೆ.

"ಹನ್ನೆರಡಕ್ಕೆ ಇಳಿಸಿದ್ದೀಯಾ?" ಎಂದರು.

"ಹೂಂ ಅಣ್ಣ."

"ಹನ್ನೆರಡು ಸರಿಯಾಗೇ ಇದೆ. ಹಾಗೇ ಬಿಡು."

ಕಂಟ್ರೋಲರ್ ಕೆಳಗಿಟ್ಟು, ಯಾರದೋ ಕತೆ ಹೇಳುವವರ ಹಾಗೆ ಮನೆಯ ವಿಷಯ ತೆಗೆದರು. ಗಾಜಿನ ಲೋಟಗಳು ಕೈಜಾರಿ ಒಡೆಯುತ್ತಿದ್ದವಂತೆ. ಇವರು ಸೋಪಿಗೆ ಬೈದರಂತೆ. ಅತ್ತಿಗೆ ಏನೂ ಅನ್ನದೆ ಎಲ್ಲವನ್ನೂ ಅಟ್ಟಕ್ಕೇರಿಸಿ ಸ್ಟೀಲಿನವು ತಂದರಂತೆ. ಅಂಗಿಯ ಗುಂಡಿಗಳಿಗೆ ತೂತು ಚಿಕ್ಕದಾಯಿತೆಂದು ಇವರು ಗೊಣಗಿದ ವಾರವೇ ಕಪಾಟಿನಲ್ಲಿ ಗುಂಡಿಯಿಲ್ಲದ ಅಂಗಿಗಳು ಬಂದಿದ್ದವು.

"ಸೆಕೆಗೆ ಒಳ್ಳೇದು ಅಂದ್ಲು. ನಾನೂ ನಂಬಿದೆ."

ಮ್ಯಾನೇಜರಿಗೆ ತಾನೇ ಹೇಳುತ್ತೇನೆ, ಬೇರೆಯವರನ್ನು ಹುಡುಕಿಕೊಳ್ಳಲಿ ಎಂದರು. ಡಾಕ್ಟರ ಹತ್ತಿರ ನಾನೂ ಬರುತ್ತೇನೆ ಎಂದೆ. ನನಗೆ ಅಳು ಬಂತು, ತಡೆದುಕೊಳ್ಳಲಾಗಲಿಲ್ಲ. ಅವರು ನನ್ನ ಕಡೆ ನೋಡದೆ ಫೋನ್ ತೆಗೆದು ಮನೆಗೆ ಮಾಡಿದರು. ಅತ್ತಿಗೆ ಎತ್ತಿದರು.

"ನಿನಗೆ ಯಾವಾಗಿಂದ ಗೊತ್ತು?"

ಅಣ್ಣ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕಾದರು.